ಕಾಲು ಮುಂದಾಗಿ ಹುಟ್ಟಿದವಳು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದೆನಂತೆ. ಅಂಥವರು ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆಂದು ನಮ್ಮ ಹಳದೀಪುರದ ಕಡೆ ನಂಬಿಕೆ. ಗದ್ದೆ ನಾಟಿಯ ದಿನಗಳಲ್ಲಿ ನಮ್ಮ ಜಗಲಿಯ ಮೇಲೆ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ನಾನು ಬಾವಿಕಟ್ಟೆಯಲ್ಲಿ ಕಾಲು ತೊಳೆದು ಬಂದು ಮೂರು ಸಲ ತುಳಿಯಬೇಕು. "ಅಡ್ಡಿಲ್ಲ, ಹಗುರಾತು" ಎಂದು ಎದ್ದು ಹೋಗುವರು. ಸುಳ್ಳೇಕೆ ಹೇಳಲಿ, ನನಗದರಲ್ಲಿ ಜಂಬವಿತ್ತು.

ನನ್ನ ತಮ್ಮ ತೆಂಗಿನಕಾಯಿ ಕೊಯ್ಯುವ ಕೆಲಸದವನು. ಒಂದು ಬೆಳಿಗ್ಗೆ ಪಕ್ಕದ ತೋಟದಲ್ಲಿ ಮರದಿಂದ ಬಿದ್ದ. ಬಿದ್ದವನು ತಾನೇ ಎದ್ದು, ಸೊಂಟಕ್ಕೆ ಕೈಕೊಟ್ಟುಕೊಂಡು ಮನೆಗೆ ನಡೆದು ಬಂದ.

"ಎಂತ ಆತೋ?"

"ಎಂತ ಇಲ್ಲ ಅಕ್ಕ, ಬಿದ್ದೆ. ಸೊಂಟ ಹಿಡ್ಕಂಡದೆ. ನೀ ಒಂದ್ಸಲ ತುಳಿ, ಇನ್ನೂ ಹತ್ತು ಮರ ಬಾಕಿ ಅದೆ."

"ಕಣ್ಣು ಎಲ್ಲಿಟ್ಟಿದ್ಯೋ ಮಾರಾಯಾ" ಎಂದು ಬೈಯುತ್ತಲೇ ಕಾಲು ತೊಳೆದು ಬಂದೆ. ಆಸ್ಪತ್ರೆ ಎನ್ನುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಮೊದಲ ಸಲ ತುಳಿದಾಗ ಮುಲುಗಿದ. ಎರಡನೆಯ ಸಲಕ್ಕೆ ನನ್ನ ಪಾದದಡಿ ಏನೋ ಸರಿದಂತಾಯಿತು. ಮೂರನೆಯ ಸಲ ತುಳಿಯಲಿಲ್ಲ. ಅವನು ಕೂಗಲೂ ಇಲ್ಲ, ಮೆಲ್ಲಗೆ ಕೇಳಿದ: "ಅಕ್ಕ, ನನ್ನ ಕಾಲು ಎಲ್ಲದೆ?"

ಅಯ್ಯೋ, ಈ ನನ್ನ ಕಾಲು ಅದಕ್ಕೆ ಮೊದಲೇ ಸೇದಿಹೋಗಬಾರದಿತ್ತೇ!

ಹೊನ್ನಾವರದಲ್ಲಿ ನೋಡಿದವರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಭಟ್ಕಳ ದಾಟಿ, ಜಿಲ್ಲೆ ದಾಟಿ ಹೋಗಬೇಕು. ಆಂಬುಲೆನ್ಸಿನಲ್ಲಿ ಅವನನ್ನು ಹಲಗೆಗೆ ಕಟ್ಟಿ ಮಲಗಿಸಿದ್ದರು. "ಬೆನ್ನು ಒಂಚೂರೂ ಅಲುಗಬಾರದು" ಎಂದು ಜೊತೆಗಿದ್ದ ನರ್ಸ್ ಹೇಳುತ್ತಲೇ ಇದ್ದಳು. ನಾನು ಮುಖ ಎತ್ತಲಿಲ್ಲ.

ಆ ವಾರ್ಡಿನಲ್ಲಿ ಮರದಿಂದ ಬಿದ್ದವರು, ಹಂಚು ಹೊದೆಸುವಾಗ ಜಾರಿದವರು, ಹೆದ್ದಾರಿಯಲ್ಲಿ ಬೈಕಿನಿಂದ ಎಸೆಯಲ್ಪಟ್ಟವರು ಸಾಲಾಗಿ ಮಲಗಿದ್ದರು. ಎಲ್ಲರೂ ದುಡಿಯುವ ಪ್ರಾಯದವರೇ. ಡಾಕ್ಟರು ಫಿಲ್ಮ್ ಎತ್ತಿ ಹಿಡಿದು ನೋಡಿ ಕೇಳಿದರು: "ಬಿದ್ದ ಮೇಲೆ ನಡೆದಿದ್ದಾರಾ?"

"ಇಲ್ಲ ಡಾಕ್ಟ್ರೇ, ಬಿದ್ದಲ್ಲೇ ಕಾಲು ಹೋಗಿತ್ತು" ಎಂದೆ.

ತಮ್ಮ ನನ್ನನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ. ಆಪರೇಷನ್ ಮಾಡಿ ಬೆನ್ನಿಗೆ ರಾಡು, ಸ್ಕ್ರೂ ಹಾಕಿದರು. ಮೂಳೆ ಕೂಡಿಕೊಂಡಿತು, ಕಾಲು ಬರಲಿಲ್ಲ.

ಮನೆಗೆ ಬಂದ ಮೇಲೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಬೆನ್ನಿಗೆ ಹುಣ್ಣಾಗದಂತೆ ಒರೆಸುವುದು ನನ್ನ ಪಾಲಿಗೆ ಬಂತು. ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಕುಮಟಾಕ್ಕೆ ಕರೆದೊಯ್ಯುತ್ತೇನೆ. ಈಗಲೂ ಕೆಲವರು ಸೊಂಟ ಹಿಡಿದುಕೊಂಡು ಜಗಲಿಗೆ ಬರುತ್ತಾರೆ. "ಆಸ್ಪತ್ರೆಗೆ ಹೋಗಿ ಸಾಯಿ" ಎಂದು ಬೈದು ಕಳಿಸುತ್ತೇನೆ. ಯಾಕೆಂದು ಮಾತ್ರ ಹೇಳುವುದಿಲ್ಲ.

ಕುಮಟಾದಲ್ಲಿ ವ್ಯಾಯಾಮ ಮಾಡಿಸಲು ಹೊಸದಾಗಿ ಬಂದ ಹುಡುಗಿ ಮೊನ್ನೆ ಕಾಗದ ನೋಡುತ್ತ, ಬಿದ್ದ ಮೇಲೆ ನಡೆದಿದ್ದರಾ ಎಂದು ಅದೇ ಪ್ರಶ್ನೆ ಕೇಳಿದಳು. ಇವತ್ತಾದರೂ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ತಮ್ಮನೇ ಹೇಳಿಬಿಟ್ಟ: "ಬಿದ್ದ ಕೂಡ್ಲೇ ಹೋಗಿತ್ತು. ಅಕ್ಕಂಗೆ ಗೊತ್ತದೆ."

ವಾಪಸು ಬರುವಾಗ ಆಟೋದಲ್ಲಿ ಜಗಳ ತೆಗೆದೆ. "ಯಾಕೋ ಸುಳ್ಳು ಹೇಳಿದೆ?"

"ನೀ ಹೇಳಿದ್ದನ್ನೇ ಹೇಳಿದೆ. ಸುಮ್ನಿರು ಮಾರಾಯ್ತಿ."

ಮನೆಯಲ್ಲಿ ಬಿಸಿನೀರಿಗೆ ಬಟ್ಟೆ ಅದ್ದಿ ಬೆನ್ನು ಒರೆಸುತ್ತಿದ್ದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು ತಾನಾಗಿಯೇ ಮಾತೆತ್ತಿದ. "ಅಕ್ಕ, ಸೊಂಟದ ಹತ್ರ ಕಡೇದಾಗಿ ನಂಗೆ ಗೊತ್ತಾದ್ದು ನಿನ್ನ ಪಾದ. ಆಗಷ್ಟೇ ತೊಳ್ಕಂಡು ಬಂದಿದ್ದೆ ಅಲ್ವಾ, ತಂಪಿತ್ತು."

ಹಳೆಯ ಒಳ್ಳೆಯ ದಿನವೊಂದನ್ನು ನೆನೆದವನ ಹಾಗೆ ಹೇಳಿದ. ನೀರು ಬಿಸಿ ಹೆಚ್ಚಾಯಿತೇನೋ ಎಂದು ಕೇಳಲು ಹೊರಟಿದ್ದೆ. ಬಟ್ಟೆ ಹಿಂಡಿ ಮತ್ತೆ ಒರೆಸಿದೆ.