ಹೂವಿಲ್ಲದ ಗಿಡದ ಘಮ

ದೆವ್ವ, ಶಕುನ, ಸತ್ತವರ ಸುಳಿವು ಎಂದು ಯಾರಾದರೂ ಬಾಯಿ ತೆರೆದರೆ "ಸುಮ್ನಿರ್ರೀ ಸಾಕು" ಎನ್ನುತ್ತಿದ್ದವಳು ನಾನು. ಕಾಲೇಜಿನಲ್ಲಿ ವರ್ಷಗಟ್ಟಲೆ ಸಸ್ಯಶಾಸ್ತ್ರ ಪಾಠ ಮಾಡಿದ ಹಮ್ಮು ಬೇರೆ. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತಿದೆ.

ಗೆಳತಿ ವಿಮಲಾ ತೀರಿಕೊಳ್ಳುವ ಮುಂಚೆ ಎರಡು ಕಾಡು ಆರ್ಕಿಡ್‌ಗಳನ್ನು ಮರದ ತುಂಡುಗಳಿಗೆ ದಾರದಿಂದ ಕಟ್ಟಿ ಜಯನಗರದ ನನ್ನ ಬಾಲ್ಕನಿಗೆ ತಂದಿಟ್ಟಳು. ಕನಕಪುರ ರಸ್ತೆಯಲ್ಲಿ ಉರುಳಿದ ಮರಗಳಿಂದ ಉಳಿಸಿಕೊಂಡವು. ಎರಡೂ ವ್ಯಾಂಡಾ ಜಾತಿ. ಒಂದರ ಹೂವಿಗೆ ಕಂದು ಗೀಟು, ನೀಲಿ ತುಟಿ, ಅರಳಿದರೆ ಮನೆಯೆಲ್ಲ ಘಮಘಮ. ಇನ್ನೊಂದರದು ಸಣ್ಣ ಹಳದಿ ಹೂ, ವಾಸನೆ ಅಷ್ಟಕ್ಕಷ್ಟೆ. ಹೂವಿಲ್ಲದಾಗ ಎರಡೂ ಅವಳಿ ಮಕ್ಕಳೇ. "ಘಮದ್ದಕ್ಕೆ ಕೆಂಪು ದಾರ ಕಟ್ಟಿದೀನಿ, ಅದು ನನ್ನ ಮಗಳಿಗೆ ಕಣೇ. ಹಸಿರು ದಾರದ್ದು ನಿಂಗೆ," ಎಂದಿದ್ದಳು. ಬೇರು ಮರದ ತುಂಡನ್ನು ಕಚ್ಚಿಕೊಂಡ ಮೇಲೆ ದಾರ ಬಿಚ್ಚಬೇಕು, ಇಲ್ಲದಿದ್ದರೆ ಕಾಂಡ ಕೊಯ್ಯುತ್ತದೆ. ಒಂದು ಬೆಳಿಗ್ಗೆ ಶಿಸ್ತಾಗಿ ಎರಡೂ ದಾರ ಕತ್ತರಿಸಿ ಕಸಕ್ಕೆ ಹಾಕಿದೆ. ಬುದ್ಧಿ ಬಂದದ್ದು ಆಮೇಲೆ. ಆ ವರ್ಷ ಎರಡೂ ಹೂ ಬಿಡಲಿಲ್ಲ.

ವಿಮಲಾಳ ವರ್ಷಾಬ್ದಿಕದ ಹಿಂದಿನ ಸಂಜೆ ಅವಳ ಮಗಳು ನಂದಿನಿ ಗಿರಿನಗರದಿಂದ ಬಂದಳು. "ಅಮ್ಮನ ರೂಮು ಘಮ್ ಅಂತಿತ್ತಲ್ಲ ಆಂಟಿ, ಅದೊಂದೇ ನಂಗೆ ಬೇಕಾಗಿರೋದು," ಎಂದು ಕಣ್ಣೊರೆಸಿಕೊಂಡಳು. ಯಾವ ಗಿಡ ಯಾವುದೆಂದು ಗೊತ್ತಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಎರಡನ್ನೂ ಕೊಡಬಹುದಿತ್ತಲ್ಲ ಎನ್ನುತ್ತೀರಿ. ವಿಮಲಾಳದ್ದು ನನಗೂ ಒಂದು ಉಳಿಯಬೇಕಿತ್ತು, ಅಷ್ಟೇ. ಭೂತಗನ್ನಡಿ ಹಿಡಿದು ಎಲೆಯ ತುದಿ ನೋಡಿ, ದೊಡ್ಡ ಪಂಡಿತಳಂತೆ ಎಡಗಡೆಯದನ್ನು ಕೊಟ್ಟೆ.

ಅವಳು ಮೆಟ್ಟಿಲಿಳಿಯುತ್ತಿದ್ದಳು. ಸಂಜೆ ಬಿಸಿಲು ಬಾಲ್ಕನಿಯಲ್ಲಿ ಕಾಯಿಸಿದ ತುಪ್ಪದಂತೆ ನಿಂತಿತ್ತು. ರಸ್ತೆಯ ಹಾರ್ನ್‌ಗಳೆಲ್ಲ ಎಲ್ಲೋ ದೂರ ಸರಿದವು. ಆಗ ಆ ಘಮ ಬಂತು, ಉಳಿದಿದ್ದ ಗಿಡದಿಂದ. ಮೊಗ್ಗು ಕೂಡ ಇಲ್ಲದ ಗಿಡ! ಇನ್ನೊಂದು ಮಾತು ಹೇಳಬೇಕು: ಕೋವಿಡ್ ಬಂದು ಹೋದಾಗಿನಿಂದ ನನಗೆ ವಾಸನೆಯೇ ತಿಳಿಯುವುದಿಲ್ಲ. ಒಗ್ಗರಣೆ ಸೀದರೂ ಪಕ್ಕದ ಮನೆಯವರೇ ಹೇಳಬೇಕು. "ನಂದಿನೀ, ನಿಂತ್ಕೊಳೇ, ಅದಲ್ಲ!" ಎನ್ನುತ್ತ ಬರಿಗಾಲಲ್ಲಿ ಓಡಿ ಗಿಡ ಬದಲಾಯಿಸಿದೆ. ಮೇಲೆ ಬರುವಷ್ಟರಲ್ಲಿ ಘಮ ಹೋಗಿತ್ತು.

ಮುಂದಿನ ಮಳೆಗಾಲಕ್ಕೆ ಮುಂಚೆ ನಂದಿನಿ ಫೋನ್ ಮಾಡಿ ಅತ್ತಳು, ನಕ್ಕಳು. ಕಂದು ಗೀಟು, ನೀಲಿ ತುಟಿ. ಡಾಕ್ಟರನ್ನು ಕೇಳಿದ್ದೆ, ಹೋದ ವಾಸನೆ ಕ್ಷಣಕಾಲ ಮರಳುವುದುಂಟು ಎಂದರು. ಇರಬಹುದು. ಆದರೆ ಅಲ್ಲಿ ಹೂವೇ ಇರಲಿಲ್ಲವಲ್ಲ, ಏನು ಹೇಳಲಿ?

ಆ ಫೋನು ಬಂದ ಮಾರನೆಯ ದಿನ ಗಿರಿನಗರಕ್ಕೆ ಹೋದೆ. ವಿಮಲಾಳ ರೂಮಿನಲ್ಲೇ ಗಿಡ ತೂಗಿಹಾಕಿದ್ದರು. ಹೂವಿಗೆ ಮೂಗು ತಾಗಿಸಿ ಎಷ್ಟೋ ಹೊತ್ತು ನಿಂತೆ. ಏನೂ ಇಲ್ಲ.

"ಅದೇ ಘಮ ಅಲ್ವಾ ಆಂಟಿ?" ಎಂದಳು ನಂದಿನಿ.

"ಅದೇ ಕಣಮ್ಮ," ಎಂದೆ.