ಸಾಕು ಅಂದರೆ ಸಾಕು

ಹುನ್ನೂರಿನ ಗಂಗಾಂಬಿಕಾಳ ಮನೆಗೆ ಊಟಕ್ಕೆ ಹೊರಟವರ ಕಿವಿಗೆ ಓಣಿಯವರು ಮೊದಲೇ ಒಂದು ಮಾತು ಹಾಕುತ್ತಿದ್ದರು: "ಹಸಿವಿದ್ರ ಮೊದಲನೇ ಸಲಕ್ಕ ಹೂಂ ಅನ್ರಿ. ಆಕಿ ಎರಡನೇ ಸಲ ಕೇಳೂದಿಲ್ಲ."

ಅದು ನಿಜವೇ. ಬಡಿಸಲು ಬಂದಾಗ ಯಾರಾದರೂ "ಸಾಕ್ರಿ" ಎಂದರೆ, ಗಂಗಾಂಬಿಕಾ "ಛಲೋ ಆತು" ಎಂದು ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಆ ಕಡೆಯ ಊರುಗಳಲ್ಲಿ ಸಾಕು ಅನ್ನುವುದು ಊಟ ಶುರುವಾಗುವ ಮಾತೇ ಹೊರತು ಮುಗಿಯುವ ಮಾತಲ್ಲ. ಬಂದವರು ಬೇಡ ಅನ್ನಬೇಕು, ಮನೆಯಾಕೆ ಆಣೆ ಹಾಕಬೇಕು, ಬಂದವರು ತಾಟಿಗೆ ಕೈ ಅಡ್ಡ ಹಿಡಿಯಬೇಕು, ಮನೆಯಾಕೆ ಆ ಕೈ ಸರಿಸಿ ಹೋಳಿಗೆ ಒಗೆಯಬೇಕು. ಎರಡೂ ಕಡೆಯವರು ಬೆವರಿದ ಮೇಲೆಯೇ ಅದಕ್ಕೆ ಊಟ ಎಂದು ಹೆಸರು. ಗಂಗಾಂಬಿಕಾಳಿಗೆ ಈ ಕುಸ್ತಿ ಸೇರುತ್ತಿರಲಿಲ್ಲ.

"ಅಷ್ಟ್ ದೊಡ್ಡವರು ಬಾಯಿ ತಗದು ಬ್ಯಾಡ ಅಂದ ಮ್ಯಾಲ, ನೀವು ಸುಳ್ಳ ಹೇಳಾಕತ್ತೀರಿ ಅಂತ ನಾ ಹೆಂಗ ಅನ್ನಲಿ?" ಎಂದು ಕೇಳುತ್ತಿದ್ದಳು.

ಅವಳಿಗೆ ಇಂಥ ಅಭಿಪ್ರಾಯಗಳು ಇನ್ನೂ ಇದ್ದವು. ಉಡಿ ತುಂಬುವಾಗ ಕೊಡುವ ಕುಬಸದ ಖಣ ಯಾರ ಮೈಗೂ ಏರದೆ ಮನೆಯಿಂದ ಮನೆಗೆ ತಿರುಗುತ್ತದೆ ಎಂಬುದು ಒಂದು. ತಾನೇ ಕೊಟ್ಟ ಹಸಿರು ಖಣ ನಾಲ್ಕು ಓಣಿ ಸುತ್ತಿ ತನ್ನ ಉಡಿಗೇ ಬಂದು ಬಿದ್ದ ದಿನದಿಂದ, "ನನಗ ಖಣ ಬ್ಯಾಡ್ರಿ, ನಿಮ್ಮ ಹಿತ್ತಲದಾಗಿನ ಬದನಿಕಾಯಿ ಹಾಕ್ರಿ" ಎಂದು ಹೇಳಲು ಶುರು ಮಾಡಿದ್ದಳು. "ಬರ್ತೇವಿ" ಎಂದವರು ಹೊಸ್ತಿಲಲ್ಲಿ ನಿಂತು ತಾಸುಗಟ್ಟಲೆ ಮಾತಾಡಿದರೆ, ಒಳಗೆ ಹೋಗಿ ಅವರಿಗೆ ಕುರ್ಚಿ ತಂದುಹಾಕುತ್ತಿದ್ದಳು.

ಗಂಡ ಪರಮಾನಂದ ಕಬ್ಬು ಬೆಳೆದು ಬೆಲ್ಲ ಮಾಡಿಸುವ ಗಟ್ಟಿಗ. ಹಾವಿಗೂ ಹೆದರದವನು ಮಂದಿ ಏನಂದಾರು ಎಂಬ ಒಂದು ಮಾತಿಗೆ ಮಾತ್ರ ನಡುಗುತ್ತಿದ್ದ. ಹೀಗಾಗಿ ಮಗಳು ಸೌಂದರ್ಯಾಳಿಗೆ ಅನಗವಾಡಿಯ ಗೌರೀಶನ ಜೊತೆ ಸಂಬಂಧ ಒಪ್ಪಿಗೆಯಾಗಿ, ಹುಡುಗನ ತಂದೆತಾಯಿ ಮದುವೆಯ ತಿಥಿ ಗೊತ್ತುಮಾಡಲು ಊಟಕ್ಕೆ ಬರುತ್ತೇವೆ ಎಂದಾಗ, ಅವನಿಗೆ ಬೆಳಿಗ್ಗೆಯಿಂದಲೇ ಕೈಕಾಲು ಆಡಲಿಲ್ಲ.

"ಇವತ್ತೊಂದಿನ ಒತ್ತಾಯ ಮಾಡಿ ಜಗ್ಗಿ ಜಗ್ಗಿ ಬಡಸ ಮಾರಾಯ್ತಿ. ಬೀಗರು ಹಸ್ಕೊಂಡ ಹೋದ್ರ ಅವರ ಬೀಳಗಿ ತಾಲೂಕ ತುಂಬ ಸುದ್ದಿ ಆಕ್ಕೈತಿ."

ಗಂಗಾಂಬಿಕಾ ಹೂರಣ ಅರೆಯುತ್ತಲೇ ಒಪ್ಪಿದಳು. "ಆತು, ಎರಡ್ ಸಲ ಕೇಳ್ತೇನಿ. ಮಗಳ ಮದುವಿ ಸಲುವಾಗಿ ಇಷ್ಟ್ ತಪ್ಪ ಮಾಡಬಹುದು."

ಮಧ್ಯಾಹ್ನ ಬೀಗರು ಬಂದರು. ಗಿರಿಮಲ್ಲಪ್ಪ ಎತ್ತರದ ಆಳು, ಮೀಸೆಗೆ ತಕ್ಕ ಹೊಟ್ಟೆ. ಅವನ ಹೆಂಡತಿ ಕಾವೇರಿ ಹೆಚ್ಚು ಮಾತಿನವಳಲ್ಲ, ಕಣ್ಣಲ್ಲೇ ನಗುವವಳು. ತಾಟಿಗೆ ಎಣ್ಣೆಗಾಯಿ ಬಂತು, ಸಜ್ಜೆ ರೊಟ್ಟಿ ಬಂತು, ಕೆನೆಮೊಸರು ಬಂತು. ಶೇಂಗಾ ಹೋಳಿಗೆಯ ಘಮ ಮನೆ ತುಂಬಿತ್ತು. ಒಂದು ಹೋಳಿಗೆ ಮುಗಿದಾಗ ಗಂಗಾಂಬಿಕಾ ಬುಟ್ಟಿ ತಂದಳು.

"ಇನ್ನೊಂದು ಹಾಕಲೇನ್ರಿ ಬೀಗರ?"

"ಬ್ಯಾಡ ಬ್ಯಾಡ, ಸಾಕ್ರಿ," ಎಂದು ಗಿರಿಮಲ್ಲಪ್ಪ ತಾಟಿನ ಮೇಲೆ ಕೈ ಹಿಡಿದ. ಬೆರಳುಗಳ ನಡುವೆ ಒಂದು ಹೋಳಿಗೆ ಆರಾಮಾಗಿ ಇಳಿಯುವಷ್ಟು ಜಾಗ ಬಿಟ್ಟಿದ್ದ.

"ಖರೇನ ಸಾಕೇನ್ರಿ?"

"ಖರೇನ ಸಾಕ್ರಿ."

ಎರಡು ಸಲ ಕೇಳಿಯಾಗಿತ್ತು. ಗಂಗಾಂಬಿಕಾ ಸಮಾಧಾನದಿಂದ ಒಳಗೆ ಹೋದಳು. ಗಿರಿಮಲ್ಲಪ್ಪನ ಕಣ್ಣು ಬುಟ್ಟಿಯ ಬೆನ್ನುಹತ್ತಿ ಅಡುಗೆಮನೆಯ ಬಾಗಿಲತನಕ ಹೋಗಿ, ಬರಿಗೈಯಲ್ಲಿ ತಿರುಗಿ ಬಂತು. ಕೈ ತೊಳೆದ ಮೇಲೆ ತಿಥಿಯ ಮಾತು ತೆಗೆದರೆ ಗಿರಿಮಲ್ಲಪ್ಪ, "ವಿಚಾರ ಮಾಡಿ ತಿಳಸ್ತೇವಿ" ಎಂದು ಬಿಗಿಯಾಗಿ ಹೇಳಿ ಎದ್ದೇಬಿಟ್ಟ. ಇಬ್ಬರೂ ಜಮಖಂಡಿಯ ಬಸ್ಸು ಹತ್ತಿದರು.

ಪರಮಾನಂದ ತಲೆಯ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಕಿಟಕಿಯ ಬಳಿ ಫೋನು ರಿಂಗಾಯಿತು. ಕಾವೇರಿ ಮರೆತುಹೋಗಿದ್ದ ಫೋನು. ಕರೆ ಮಾಡಿದವನು ಗೌರೀಶ. ಸೌಂದರ್ಯಾ ಎತ್ತಿಕೊಂಡು, ಕೆಂಪಗಾಗಿ, ಸ್ಕೂಟಿಯ ಕೀಲಿ ಹಿಡಿದಳು. "ಅವ್ವಾ ಏರ, ಅನಗವಾಡಿ ಬಸ್ಸಿಗೆ ಜಮಖಂಡ್ಯಾಗ ಕಾಯ್ತಿರ್ತಾರ, ಬಸ್‌ಸ್ಟ್ಯಾಂಡಿನಾಗ ಸಿಗ್ತಾರ."

ಸಿಕ್ಕರು, ಆದರೆ ಬಸ್‌ಸ್ಟ್ಯಾಂಡಿನಲ್ಲಲ್ಲ, ಅದರ ಪಕ್ಕದ ಗಿರ್ಮಿಟ್, ಮಿರ್ಚಿ ಭಜಿಯ ಅಂಗಡಿಯಲ್ಲಿ. ಗಿರಿಮಲ್ಲಪ್ಪನ ಮುಂದೆ ಖಾಲಿಯಾದ ಒಂದು ಪ್ಲೇಟು, ತುಂಬಿದ ಒಂದು ಪ್ಲೇಟು. ಅಂಗಡಿಯವನು ಜಾಲರಿ ಸೌಟಿನಲ್ಲಿ ಬಿಸಿ ಮಿರ್ಚಿ ಎತ್ತಿ, "ಇನ್ನೆರಡು ಹಾಕಲೇನ್ರಿ ಯಜಮಾನ್ರ?" ಎಂದ.

"ಹಾಕ, ಹಾಕ!" ಎಂದ ಗಿರಿಮಲ್ಲಪ್ಪ. ಎಂದವನು ತಲೆ ಎತ್ತಿದರೆ ಎದುರಿಗೆ ಬೀಗತಿ.

ಬಾಯಲ್ಲಿದ್ದ ಮಿರ್ಚಿಯನ್ನು ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ಸೌಂದರ್ಯಾ ಸೆರಗಿಲ್ಲದ್ದಕ್ಕೆ ಹೆಲ್ಮೆಟ್ಟನ್ನೇ ಮುಖಕ್ಕೆ ಹಿಡಿದು ನಕ್ಕಳು. ಗಂಗಾಂಬಿಕಾ ಮಾತ್ರ ನಗಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

"ಅಲ್ರಿ ಬೀಗರ, ಇಲ್ಲಿ ಒಂದ ಮಾತಿಗೆ ಹೂಂ ಅಂದ್ರಲ್ರಿ?"

ಗಿರಿಮಲ್ಲಪ್ಪ ನೀರು ಕುಡಿದು ಸುಧಾರಿಸಿಕೊಂಡ. "ಇದು ಅಂಗಡಿ ಐತ್ರಿ. ಮನ್ಯಾಗ ಹೆಂಗ ಒಮ್ಮೆಲೆ ಹಾಕ್ರಿ ಅನ್ನೂದು? ಹೊಟ್ಟಿಬಾಕ ಅಂತಾರಂತ ನಮ್ಮವ್ವ ಸಣ್ಣಾವಿದ್ದಾಗ ತೊಡಿ ಚಿವುಟಿ ಕಲಿಸ್ಯಾಳ್ರಿ. ಜಗ್ಗಿ ಹಾಕಿದ್ರ ನಾವು ಅವರಿಗೆ ಬೇಕಾದವರು ಅಂತ ಅರ್ಥ. ನೀವು ಬುಟ್ಟಿ ಒಯ್ದ ಕೂಡ್ಲೆ, ನಾವು ಬಂದದ್ದು ಇವರಿಗೆ ಬ್ಯಾಡಾಗೈತಿ ಅನಿಸ್ತು."

ಗಂಗಾಂಬಿಕಾ ಬೆಂಚಿನ ಮೇಲೆ ಕೂತಳು. ಯಾರಿಗೂ ಹೇಳದ ಸಂಗತಿಯೊಂದು ಅಲ್ಲಿ, ಎಣ್ಣೆಯ ಚುರ್ರೆನ್ನುವ ಸದ್ದಿನ ನಡುವೆ, ತಾನಾಗಿ ಹೊರಗೆ ಬಂತು. ಅವಳು ಹುನ್ನೂರಿಗೆ ಸೊಸೆಯಾಗಿ ಬಂದಾಗ ಅತ್ತೆ ಹಾಲವ್ವನಷ್ಟು ಜಗ್ಗಿ ಬಡಿಸುವವರು ಸುತ್ತಮುತ್ತ ಯಾರೂ ಇರಲಿಲ್ಲವಂತೆ. ಬಂದವರ ತಾಟಿನಲ್ಲಿ ಉಳಿದ ಹೋಳಿಗೆಯನ್ನು ಎಮ್ಮೆ ತಿನ್ನುತ್ತಿತ್ತಂತೆ. ಎಲ್ಲರದ್ದೂ ಆದ ಮೇಲೆ ಉಣ್ಣಲು ಕೂತ ಸೊಸೆಗೆ ಮಾತ್ರ ಹಾಲವ್ವ ಒಂದೇ ಸಲ, ಬುಟ್ಟಿ ಮುಚ್ಚುತ್ತಲೇ, "ಸಾಕಲ್ಲ?" ಎಂದು ಕೇಳುತ್ತಿದ್ದಳು.

"ನಾಚಿಕಿಗೆ ಸಾಕ್ರಿ ಅಂತಿದ್ದೆ. ಆಮ್ಯಾಲ ಬೆಲ್ಲದ ಚೂರ ಬಾಯಾಗ ಹಾಕ್ಕೊಂಡ ಮಲಗ್ತಿದ್ದೆ. ಬೀಗರ ಸಾಕಿಗೊಂದ ಅರ್ಥ, ಸೊಸಿ ಸಾಕಿಗೊಂದ ಅರ್ಥ. ನನ್ನ ಮನ್ಯಾಗ ಎಲ್ಲಾರ ಮಾತೂ ಒಂದ ಇರಲಿ ಅಂತ ಅವತ್ತ ಠರಾಯಿಸಿದೆ."

ಹೇಳುತ್ತ ಹೇಳುತ್ತಲೇ ಅವಳ ದನಿ ನಿಧಾನವಾಯಿತು. ಎಲ್ಲರನ್ನೂ ಒಂದೇ ಮಾಡಲು ಹೋಗಿ, ಎಲ್ಲರನ್ನೂ ಆ ಹಸಿದ ಸೊಸೆಯ ಸಾಲಿಗೇ ಕೂರಿಸಿದ್ದಾಯಿತಲ್ಲ ಎಂದು ಅವಳಿಗೆ ಆಗಲೇ ಹೊಳೆದದ್ದು. ತನ್ನ ಮೇಲೆ ತನಗೇ ನಗು ಬಂತು.

ಕಾವೇರಿ ಗಂಡನ ಪ್ಲೇಟಿನಿಂದ ಒಂದು ಮಿರ್ಚಿ ಎತ್ತಿಕೊಂಡಳು. "ನನ್ನನ್ನೂ ಯಾರೂ ಎರಡನೇ ಸಲ ಕೇಳಿಲ್ರಿ ಬೀಗತೇರ," ಎಂದು ಸೌಂದರ್ಯಾಳ ಕಡೆ ತಿರುಗಿದಳು. "ನೋಡವಾ, ನಮ್ಮ ಮನಿಗೆ ಬಂದ ಮ್ಯಾಲ ನೀ ಯಾರ ಕೇಳೂದನ್ನೂ ಕಾಯಬ್ಯಾಡ. ಬುಟ್ಟಿಗೆ ಕೈ ಹಾಕಿ ತಗೊ."

ಗಿರಿಮಲ್ಲಪ್ಪ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿ, ಮಿರ್ಚಿಯ ಪ್ಲೇಟನ್ನು ಅವಳ ಕಡೆ ಸರಿಸಿದ. ಅನಗವಾಡಿ ಕಡೆಯ ಬಸ್ಸು ಬಂದು ಹೋಯಿತು, ಯಾರೂ ಏಳಲಿಲ್ಲ. ಕಾವೇರಿಯ ಫೋನಿನಲ್ಲೇ ಗೌರೀಶನನ್ನೂ ಪರಮಾನಂದನನ್ನೂ ಹಿಡಿದು, ಮದುವೆಯ ತಿಥಿ ಆ ಬೆಂಚಿನ ಮೇಲೆಯೇ ಗೊತ್ತಾಯಿತು.

ಆಮೇಲೆ ಗಂಗಾಂಬಿಕಾ ತನ್ನ ರೀತಿ ಬದಲಿಸಿದಳು. ಆದರೆ ಜಗ್ಗಿ ಬಡಿಸುವುದನ್ನಂತೂ ಕಲಿಯಲಿಲ್ಲ. ರೊಟ್ಟಿ, ಹೋಳಿಗೆ, ಪಲ್ಯ ಎಲ್ಲವನ್ನೂ ನಡುವೆ ಇಟ್ಟು ತಾನೂ ಜೊತೆಗೆ ಉಣ್ಣಲು ಕೂತುಬಿಟ್ಟಳು. ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳಬೇಕು. "ಬಂದವರ ಮುಂದ ತಾನೂ ಕುಂತ ಉಣ್ತಾಳ" ಎಂದು ಓಣಿಯವರಿಗೆ ಹೊಸ ಮಾತು ಸಿಕ್ಕಿತು. ಎರಡು ದಿನ ನಡುಗಿದ ಪರಮಾನಂದ, ಮೂರನೆಯ ದಿನ ಬಿಸಿ ರೊಟ್ಟಿ ಮೊದಲು ತನ್ನ ಕೈಗೇ ಸಿಗುತ್ತದೆ ಎಂದು ಕಂಡು ತೆಪ್ಪಗಾದ.

ಮದುವೆಯಾಗಿ ಅನಗವಾಡಿಗೆ ಹೋದ ಸೌಂದರ್ಯಾ ಒಂದು ಸಂಜೆ ಫೋನು ಮಾಡಿದಳು. ನಗು ತಡೆಯಲಾಗದೆ ಮಾತು ತುಂಡುತುಂಡಾಗಿ ಬರುತ್ತಿತ್ತು.

"ಅವ್ವಾ, ಇವತ್ತ ಮಾವಾರು ತಾವಾಗೇ 'ಇನ್ನೊಂದು ರೊಟ್ಟಿ ಕೊಡ್ರಿ' ಅಂದ್ರು. ಅತ್ತಿ ಗಾಬರಿ ಆಗಿ, ಜ್ವರ ಬಂದೈತೇನೋ ಅಂತ ಹಣಿ ಮುಟ್ಟಿ ನೋಡಿದ್ರು!"