ಬಿ ಟೀಮಿನ ಕೊನೆಯ ಉಸಿರು

ಸುಣ್ಣ ಕುದಿಯುವ ವಾಸನೆ ನಿಮಗೆ ಗೊತ್ತಿರಬೇಕು. ಕಲ್ಲುಸುಣ್ಣದ ಮೇಲೆ ನೀರು ಸುರಿದರೆ ಸಾಕು, ಅದು ಬುಸುಗುಟ್ಟಿ ಬಿರಿಯುತ್ತದೆ, ಉಗಿ ಬಿಡುತ್ತದೆ. ಮೂಗು ಒಣಗುತ್ತದೆ, ಗಂಟಲು ಕಟ್ಟುತ್ತದೆ. ಈಗ ಎಲ್ಲರೂ ಡಬ್ಬಿಯ ಬಣ್ಣ ಬಳಿಸುತ್ತಾರೆ. ನಾನು ಮಾತ್ರ ದಸರೆಗೆ ಮೊದಲು ಹಿತ್ತಲಿನ ಗೋಡೆಗೆ ಸುಣ್ಣವನ್ನೇ ಹೊಡೆಸುತ್ತೇನೆ. ನೆಲ ಅಗೆದರೆ ಸುಣ್ಣದ ಕಲ್ಲೇ ಸಿಗುವ ವಾಡಿಯಲ್ಲಿದ್ದುಕೊಂಡು ಗೋಡೆಗೆ ಬಣ್ಣ ಕೊಳ್ಳುವುದು ನನಗೆ ಒಪ್ಪದ ಮಾತು.

ಈ ಸಲವೂ ಮೌಲಾಲಿಯೇ ಬಂದ. ತಗಡಿನ ಡ್ರಮ್ಮಿಗೆ ಸುಣ್ಣ ಹಾಕಿ, ನೀರು ಸುರಿದು, ಉದ್ದನೆಯ ಕೋಲಿನಿಂದ ತಿರುವುತ್ತಿದ್ದ. ನಾನು ಅಂಗಳದಲ್ಲಿ ಬೆಳಗಿನ ಉಸಿರಾಟಕ್ಕೆ ನಿಂತಿದ್ದೆ. ನಗಬೇಡಿ, ಇದು ವೈದ್ಯರ ಅಪ್ಪಣೆ. ಹಿಂದೊಂದು ಮಳೆಗಾಲದಲ್ಲಿ ಎದೆಗೆ ಕಫ ಕಟ್ಟಿ ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿ ಬಂದ ಮೇಲೆ ನನಗಿದು ನಿತ್ಯದ ಕೆಲಸ. ಉಸಿರು ತುಂಬಿಕೊಳ್ಳಬೇಕು, ಒಂದು ಶಬ್ದವನ್ನು ಗಟ್ಟಿಯಾಗಿ ಹೇಳುತ್ತ ಹೇಳುತ್ತ ಬಿಡಬೇಕು. ಯಾವ ಶಬ್ದ ಎಂದು ಅವರು ಹೇಳಲಿಲ್ಲ. ದೇವರ ಹೆಸರು ಹೇಳಿರಿ ಎಂದರು ಅಕ್ಕಪಕ್ಕದವರು. ದೇವರ ಹೆಸರಿನಲ್ಲಿ ಉಸಿರು ಮುಗಿಸುವುದಕ್ಕೆ ಬೇರೆ ದಿನವಿದೆ ಎಂದು ನಾನು ಅದನ್ನು ತೆಗೆದಿಟ್ಟೆ. ನನ್ನ ಬಾಯಿಗೆ ರೂಢಿಯಾಗಿದ್ದ ಶಬ್ದ ಒಂದೇ, ಕಬಡ್ಡಿ.

ನಾನು ದೊಡ್ಡ ಆಟಗಾರನಾಗಿದ್ದೆ ಎಂದುಕೊಳ್ಳಬೇಡಿ. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಸನ್ನೆಗೋಲು ಎಳೆದು ವಯಸ್ಸು ಕಳೆದವನು. ಗಂಟೆ ಬಾರಿಸಿದರೆ ಏಳುವುದು, ಗಂಟೆ ಬಾರಿಸಿದರೆ ಉಣ್ಣುವುದು, ಹೇಳಿದ ಮಾತನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಂಡ ಮೇಲೇ ಸನ್ನೆಗೋಲು ಮುಟ್ಟುವುದು. ಕ್ಯಾಬಿನ್ನಿನಲ್ಲಿ ಒಂದು ಶಬ್ದ ಹೆಚ್ಚುಕಡಿಮೆಯಾದರೆ ಎರಡು ಗಾಡಿಗಳು ಒಂದೇ ಹಳಿಯ ಮೇಲೆ ಬರುತ್ತವೆ. ನಿವೃತ್ತನಾದ ಮೇಲೆ ಈ ಶಿಸ್ತನ್ನೆಲ್ಲ ಎಲ್ಲಿ ಸುರಿಯುವುದು? ಮನೆಯಲ್ಲಿ ಹೆಂಡತಿ ಜಾಗ ಕೊಡಲಿಲ್ಲ. ಆಗ ಊರಿನ ಕಬಡ್ಡಿ ಕ್ಲಬ್ಬಿನ ಹಿರಿಯರು ಕರೆದು ಮ್ಯಾನೇಜರ್ ಮಾಡಿದರು. ಬಿ ಟೀಮಿಗೆ. ಎ ಟೀಮಿಗೆ ಮ್ಯಾಟು, ಬೂಟು, ಬಾಳೆಹಣ್ಣು. ಬಿ ಟೀಮಿಗೆ ಗೂಡ್ಸ್ ಶೆಡ್ಡಿನ ಹಿಂದಿನ ಮಣ್ಣು ಮತ್ತು ನಾನು.

ಹುಡುಗರು ನನ್ನನ್ನು ಕ್ಯಾಬಿನ್ ಕಾಕಾ ಎನ್ನುತ್ತಿದ್ದರು. ಹುಡುಗರು ಎಂದೆನಲ್ಲ, ಅದು ಬರೀ ರೂಢಿಯ ಮಾತು. ಅರ್ಧದಷ್ಟು ಮಂದಿಗೆ ಮೀಸೆಯಲ್ಲಿ ಬಿಳಿ ಕೂದಲಿತ್ತು. ಕಲ್ಲು ಕೊರೆಯುವವರು, ಆಟೋ ಓಡಿಸುವವರು, ಸಿಮೆಂಟು ಚೀಲ ಹೊರುವವರು. ಪಾಳಿ ಮುಗಿಸಿ ಬರುವಷ್ಟರಲ್ಲಿ ಅವರ ಅರ್ಧ ಜೀವ ಹೋಗಿರುತ್ತಿತ್ತು. ಉಳಿದ ಅರ್ಧ ಜೀವಕ್ಕೆ ನಾನು ಸೀಟಿ ಊದುತ್ತಿದ್ದೆ. ಮೌಲಾಲಿ ಆಗಲೂ ಸುಣ್ಣದವನೇ; ಎಡಮೂಲೆಯಲ್ಲಿ ನಿಂತು ಕಾಲು ಹಿಡಿಯುವುದು ಅವನ ಆಟ, ಅಂಕಣಕ್ಕೆ ಸುಣ್ಣದ ಗೆರೆ ಹಾಕುವುದು ಅವನ ಸೇವೆ. ಯಾರು ಬರಲಿ ಬಿಡಲಿ, ದಿನಾ ಸಂಜೆ ಗೆರೆ ಬೀಳಲೇಬೇಕು ಎಂದು ನನ್ನ ಕಟ್ಟಪ್ಪಣೆ.

"ಆಡೋರೇ ಇಲ್ಲಂದ್ರ ಗೆರಿ ಯಾರಿಗ್ರಿ ಕಾಕಾ?" ಎಂದು ಒಮ್ಮೆ ಕೇಳಿದ.

"ನಾಳೆ ಬರೋರಿಗಿ."

"ನಾಳಿಗಿ ಆಡು ಬರ್ತಾವ್ರಿ. ಅವಕ್ಕ ಗೆರಿ ತಿಳ್ಯಾಂಗಿಲ್ಲ," ಎಂದು ಗೆರೆ ಹಾಕಿದ.

ತಂಡದ ನಾಯಕ ಭೀಮಶಾ. ಚಿಂಚೋಳಿಯ ಕಡೆಯ ಐನಾಪುರದವನು. ಹೊಲದ ಕೆಲಸ ತಮ್ಮಂದಿರಿಗೆ ಬಿಟ್ಟು ಶಹಾಬಾದಿಗೆ ಬಂದು ನೆಲಕ್ಕೆ ಹಾಸುವ ಫರ್ಸಿಕಲ್ಲು ಕೊರೆದು ನುಣುಪು ಮಾಡುವ ಮಷಿನ್ನಿನ ಮುಂದೆ ನಿಂತವನು. ರೆಪ್ಪೆಯ ಮೇಲೆ ಸದಾ ಕಲ್ಲಿನ ಪುಡಿ ಕೂತಿರುತ್ತಿತ್ತು. ಶಹಾಬಾದಿನಿಂದ ವಾಡಿಗೆ ದಿನಾ ಸಂಜೆ ಗಾಡಿ ಹತ್ತಿ ಬರುತ್ತಿದ್ದ. ಇಷ್ಟು ದಣಿದು ಯಾಕೆ ಬರುತ್ತೀ ಎಂದು ಒಂದು ದಿನ ಕೇಳಿದ್ದಕ್ಕೆ ಅವನು ಹೇಳಿದ ಮಾತು ನನಗೆ ನೆನಪಿದೆ.

"ದಿನಾ ಧೂಳ ಕುಡೀತೀನ್ರಿ ಕಾಕಾ. ಸಂಜಿಮುಂದ ಇಲ್ಲಿ ಬಂದು ಒಂದು ದಮ್ಮು ಹಿಡದ್ರ, ಎದಿ ಇನ್ನಾ ನಂದೇ ಅದ ಅಂತ ಗೊತ್ತಾಗ್ತದ."

ಅವನ ತಾಯಿ ತೆಲುಗು ಸೀಮೆಯ ಹೆಣ್ಣುಮಗಳು. ಐನಾಪುರದ ಕಡೆ ಈ ಆಟಕ್ಕೆ ಕಬಡ್ಡಿ ಎನ್ನುವವರಿಗಿಂತ ಚೆಡುಗುಡು ಎನ್ನುವವರೇ ಹೆಚ್ಚು. ಭೀಮಶಾ ಬಂದ ಹೊಸದರಲ್ಲಿ ಎದುರಿನ ಅಂಕಣಕ್ಕೆ ನುಗ್ಗುವಾಗ ಚೆಡುಗುಡು ಚೆಡುಗುಡು ಎಂದೇ ನುಗ್ಗುತ್ತಿದ್ದ. ನನ್ನ ಹುಟ್ಟೂರು ಗುಂಡಗುರ್ತಿಯಲ್ಲಿ ನಾವು ಚಿಕ್ಕವರಿದ್ದಾಗ ಅನ್ನುತ್ತಿದ್ದದ್ದು ಹುತುತು. ಆ ಶಬ್ದವನ್ನು ಹಾಸ್ಟೆಲ್ಲಿನ ಡ್ರಿಲ್ ಮಾಸ್ತರರು ಬೆತ್ತದಿಂದ ಬಿಡಿಸಿದರು. ನಾನು ಭೀಮಶಾನಿಗೆ ಬೆತ್ತ ತೋರಿಸಲಿಲ್ಲ, ಒಂದು ಸೀಟಿ ತೋರಿಸಿದೆ. ತಪ್ಪು ಶಬ್ದ ಬಂದಾಗಲೆಲ್ಲ ಊದಿದೆ. ಒಂದು ಚಳಿಗಾಲದೊಳಗೆ ಅವನ ಬಾಯಿ ತಿದ್ದಿಕೊಂಡಿತು, ಅಥವಾ ತಿದ್ದಿಕೊಂಡಿತು ಎಂದು ನಾವಿಬ್ಬರೂ ನಂಬಿದೆವು.

ಸುತ್ತಲ ಊರುಗಳ ಕ್ಲಬ್ಬಿನವರೆಲ್ಲ ಸೇರಿ ಲೀಗ್ ಆಡಿಸುತ್ತಿದ್ದೆವು. ಅದರ ಸಭೆಯಲ್ಲಿ ಒಮ್ಮೆ ಈ ಶಬ್ದದ ಮಾತು ಬಂತು. ಅವರವರ ಊರಿನ ಶಬ್ದ ಅವರವರು ಅನ್ನಲಿ, ದಮ್ಮು ಕಡಿಯದಿದ್ದರೆ ಸಾಕು ಎಂದರು ಕೆಲವರು. ನಾನು ಎದ್ದು ನಿಂತೆ. ಆಟದ ಹೆಸರು ಕಬಡ್ಡಿ, ಅನ್ನಬೇಕಾದದ್ದು ಕಬಡ್ಡಿ, ಬೇರೆ ಅಂದರೆ ಎದುರಿನವರಿಗೆ ಪಾಯಿಂಟು ಎಂದು ನಿಯಮ ಪುಸ್ತಕದಲ್ಲೇ ಇದೆ, ಅದನ್ನು ಬಿಡುವುದಾದರೆ ಗೆರೆಯನ್ನೂ ಬಿಡಿ ಎಂದೆ. ನನ್ನ ದನಿಗೆ ಎದುರಾಡುವಷ್ಟು ಹುರುಪು ಆ ಮಧ್ಯಾಹ್ನ ಯಾರಿಗೂ ಇರಲಿಲ್ಲ. ಒಪ್ಪಿಕೊಂಡರು.

ಆ ವರ್ಷ ನಾವು ಒಂದಾದ ಮೇಲೊಂದು ಸೋತೆವು. ಲೀಗಿನ ಕೆಳಗಿನ ಗುಂಪಿನಲ್ಲಿ ಕೊನೆಗುಳಿದ ತಂಡಕ್ಕೆ ಮರುವರ್ಷ ಜಾಗವಿಲ್ಲ. ನಮಗೂ ಕುರಕುಂಟಾದ ತಂಡಕ್ಕೂ ಸೇಡಂನಲ್ಲಿ ಕೊನೆಯ ಪಂದ್ಯ, ಸೋತವರು ಹೊರಗೆ. ನಮ್ಮ ಕ್ಲಬ್ಬಿನ ಹಿರಿಯರು ಮೊದಲೇ ಹೇಳಿದ್ದರು, ಜಾಗ ಹೋದರೆ ಬಿ ಟೀಮ್ ಮುಚ್ಚುತ್ತೇವೆ ಎಂದು. ಮುಚ್ಚಿದರೆ ಭೀಮಶಾನಿಗೆ ಬೇರೆ ಟೀಮಿಲ್ಲ. ಅವನ ವಯಸ್ಸಿಗೆ, ಆ ಮೊಣಕಾಲಿಗೆ, ಎ ಟೀಮಿನವರು ನೀರು ಕೊಡುವ ಕೆಲಸವನ್ನೂ ಕೊಡುತ್ತಿರಲಿಲ್ಲ.

ಸೇಡಂನ ಬಯಲಿನಲ್ಲಿ ಬಿಸಿಲು ನೆತ್ತಿ ಬಿಟ್ಟು ಇಳಿದಿತ್ತು, ಆದರೆ ನೆಲ ಇನ್ನೂ ಸುಡುತ್ತಿತ್ತು. ಕುರಕುಂಟಾದವರು ಹೊಲದಲ್ಲಿ ದುಡಿದ ಎಳೆಯ ಹುಡುಗರು, ಓಡುವುದೇ ಅವರಿಗೆ ವಿಶ್ರಾಂತಿ. ನಮ್ಮವರು ವಿರಾಮದಲ್ಲಿ ಕೂತರೆ ಎಬ್ಬಿಸಲು ಕೈ ಕೊಡಬೇಕಿತ್ತು. ಆದರೂ ಮೌಲಾಲಿ ಇಬ್ಬರ ಕಾಲು ಹಿಡಿದ, ಭೀಮಶಾ ಸುಮ್ಮನೆ ಹೋಗಿ ಬಂದು ಹೊತ್ತು ಕಳೆದ, ಹೇಗೋ ಸಮ ಮಾಡಿಕೊಂಡು ಕೊನೆಯ ಸರದಿಗೆ ಬಂದೆವು. ಕೊನೆಯ ಸರದಿ ನಮ್ಮದು.

"ಯಾರು ಹೋಗ್ತೀರಿ?" ಎಂದೆ.

ಭೀಮಶಾ ಮೊಣಕಾಲಿಗೆ ಕಟ್ಟಿದ್ದ ಹಳೆಯ ರುಮಾಲನ್ನು ಬಿಗಿ ಮಾಡಿಕೊಂಡು ಎದ್ದ.

"ನಾ ಬಿಟ್ರ ಯಾರದಾರ್ರಿ," ಎಂದ. ಜಂಬವಿರಲಿಲ್ಲ ಆ ಮಾತಿನಲ್ಲಿ, ಬೇಸರವಿತ್ತು.

ಅಷ್ಟು ಉದ್ದದ ದಮ್ಮನ್ನು ಅವನು ನನ್ನ ಮುಂದೆ ಹಿಂದೆಂದೂ ಹಿಡಿದಿರಲಿಲ್ಲ. ಮೂಲೆಯವನನ್ನು ಮುಟ್ಟಿದ, ತಿರುಗಿದ, ಇನ್ನೊಬ್ಬನ ಭುಜ ತಾಕಿದ. ಅಷ್ಟರಲ್ಲಿ ಒಬ್ಬ ಅವನ ಕಣಕಾಲಿಗೆ ಬಿದ್ದ. ಭೀಮಶಾ ನೆಲಕ್ಕೆ ಉರುಳಿ, ಆ ಹುಡುಗನನ್ನೂ ಎಳೆದುಕೊಂಡು ನಡುಗೆರೆಯ ಕಡೆ ತೆವಳಿದ. ನಾನು ಕೂತ ಬೆಂಚಿನ ಮುಂದೆಯೇ ತೆವಳಿದ. ಅವನ ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಬಾಯಿಂದ ಸಣ್ಣಗೆ, ಸ್ಪಷ್ಟವಾಗಿ ಬರುತ್ತಿತ್ತು: ಚೆಡುಗುಡು, ಚೆಡುಗುಡು, ಚೆಡುಗುಡು. ಬೆರಳು ಗೆರೆ ದಾಟಿತು.

ನಮ್ಮವರು ಕುಣಿದರು. ಸೇಡಂ ಮಂದಿಯೂ ಕುಣಿದರು. ಅವರಲ್ಲಿ ಅರ್ಧ ಮಂದಿಯ ಮನೆಮಾತು ತೆಲುಗು, ಅವರಿಗೆ ತಮ್ಮವನೇ ಗೆದ್ದಂತಾಗಿತ್ತು. ಆ ಗದ್ದಲದಲ್ಲಿ ಕುರಕುಂಟಾದ ನಾಯಕ ಓಡಿ ಬಂದು ಅಂಪೈರರ ಮುಂದೆ ನಿಂತ.

"ಸರ್, ಚೆಡುಗುಡು ಅಂದಾನ್ರಿ ಅವ."

"ನನಗ ಸರಿ ಕೇಳಿಲ್ಲಪ, ಮಂದಿ ಒದರಲಾಕತ್ತಿದ್ರು," ಎಂದರು ಅಂಪೈರ್.

"ನನ್ನ ಹೇಣ್ತಿ ಆ ಕಡೀದಾಕಿ ಅದಾಳ್ರಿ. ದಿನಾ ಬೈಸ್ಕೊಳ್ಳೋ ಭಾಷಾ ನನಗ ತಿಳ್ಯಾಂಗಿಲ್ಲೇನ್ರಿ?"

ಅಂಪೈರ್ ನಕ್ಕರು. ಆಮೇಲೆ ನಗು ಬಿಟ್ಟು ನನ್ನ ಬೆಂಚಿನ ಹತ್ತಿರ ಬಂದರು. ಶಬ್ದದ ನಿಯಮ ಪಾಸಾದ ಸಭೆಯಲ್ಲಿ ಅವರೂ ಇದ್ದರು.

"ಕಾಕಾ, ನಿಮ್ಮ ಮುಂದೇ ಬಿದ್ದಿದ್ದ. ನೀವು ಹೇಳಿದ್ದೇ ಕಡೀ ಮಾತು. ಏನಂದ?"

ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಕ್ಯಾಬಿನ್ನಿನವನು ಕೇಳಿದ ಮಾತನ್ನು ತಿರುಗಿ ಹೇಳುತ್ತಾನೆ, ಅಷ್ಟೆ.

"ಚೆಡುಗುಡು ಅಂದ," ಎಂದೆ.

ಸೀಟಿ ಬಿತ್ತು. ಪಾಯಿಂಟು ಕುರಕುಂಟಾಕ್ಕೆ ಹೋಯಿತು, ಅದರ ಹಿಂದೆಯೇ ಪಂದ್ಯ ಹೋಯಿತು. ಭೀಮಶಾ ಇನ್ನೂ ಗೆರೆಯ ಮೇಲೆಯೇ ಕೂತಿದ್ದ, ಅಂಗೈಗೆ ಸುಣ್ಣ ಮೆತ್ತಿತ್ತು. ನನ್ನನ್ನು ನೋಡಿ, ಸಿಟ್ಟಿಲ್ಲದೆ ಹೇಳಿದ.

"ಇಲ್ರಿ ಕಾಕಾ. ನಾ ಕಬಡ್ಡೀನೇ ಅಂದೀನ್ರಿ. ನಮ್ಮವ್ವನ ಆಣಿ."

ವಾಪಸು ಬರುವ ಪ್ಯಾಸೆಂಜರಿನಲ್ಲಿ ಚಿತ್ತಾಪುರ ದಾಟಿದ ಮೇಲೆ ಮೌಲಾಲಿ ತಡೆಯಲಾರದೆ, "ದಮ್ಮು ಮುಗದ್ರ ಬಾಯಿ ಟಿಕೀಟಿಲ್ದ ಬಾರ್ಡರ್ ದಾಟ್ತದಪ," ಎಂದ. ಒಬ್ಬಿಬ್ಬರು ನಕ್ಕರು. ಬಾಗಿಲ ಹತ್ತಿರ ಕೂತಿದ್ದ ಭೀಮಶಾ ನಗಲಿಲ್ಲ. ವಾಡಿಯಲ್ಲಿ ಇಳಿದು ಅವನು ಶಹಾಬಾದಿನ ಗಾಡಿಗೆ ಹೋಗಬೇಕಿತ್ತು. ಹೋಗುವ ಮುಂಚೆ ನನ್ನ ಮುಂದೆ ನಿಂತ.

"ನೀವು ನಂಬಾಂಗಿಲ್ಲ, ಹೌದಲ್ರಿ?"

"ನಾ ಕೇಳಿದ್ದು ಕೇಳಿದ್ದೇ ಭೀಮಶಾ."

ತಲೆಯಾಡಿಸಿ ಹೋದ. ಕುಂಟುತ್ತ ಮೇಲ್ಸೇತುವೆ ಹತ್ತುವುದು ಕಾಣಿಸಿತು.

ಬಿ ಟೀಮ್ ಮುಚ್ಚಿತು. ಗೂಡ್ಸ್ ಶೆಡ್ಡಿನ ಹಿಂದೆ ಈಗ ಟಿಪ್ಪರ್‌ಗಳು ನಿಲ್ಲುತ್ತವೆ. ಸೋಲನ್ನು ನಾನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಬಿ ಟೀಮಿನ ಮ್ಯಾನೇಜರನಿಗೆ ಹಾಗೆ ಇಟ್ಟುಕೊಳ್ಳುವುದು ಬರುವುದೂ ಇಲ್ಲ. ಮನಸ್ಸಿನಲ್ಲಿ ಕೂತದ್ದು ಆ ಆಣೆ. ಬಾಯಿ ತಪ್ಪಿತ್ರಿ ಎಂದಿದ್ದರೆ ನಾನೇ ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದೆ. ಹೆತ್ತವಳ ಮೇಲೆ ಸುಳ್ಳು ಆಣೆ ಇಟ್ಟನಲ್ಲ ಎಂಬುದನ್ನು ಮಾತ್ರ ಕ್ಷಮಿಸಲಿಲ್ಲ. ಅವನ ಮಗಳ ಮದುವೆಗೆ ಹೋಗಿದ್ದೆ. ಅಕ್ಷತೆ ಹಾಕಿದೆ, ಉಂಡೆ, ಹೊತ್ತಿಗೆ ಸರಿಯಾಗಿ ಗಾಡಿ ಹಿಡಿದು ಬಂದೆ. ಅವನು ಎರಡು ಸಲ ನನ್ನ ಹತ್ತಿರ ಬಂದು ನಿಂತು ಹೋದದ್ದು ಕಂಡಿತ್ತು. ನಾನು ಹೋಳಿಗೆಯ ಕಡೆ ನೋಡುತ್ತಿದ್ದೆ.

ಮೌಲಾಲಿ ಸುಣ್ಣ ತಿರುವಿ ಮುಗಿಸಿ, ಏಣಿ ಹತ್ತಿ ಕುಂಚ ಆಡಿಸತೊಡಗಿದ. ನಾನು ಉಸಿರು ತುಂಬಿಕೊಂಡು ಶುರು ಮಾಡಿದೆ. ಕಬಡ್ಡಿ, ಕಬಡ್ಡಿ, ಕಬಡ್ಡಿ. ತುಳಸಿಕಟ್ಟೆಯಿಂದ ಗೇಟಿನ ತನಕ, ಗೇಟಿನಿಂದ ತುಳಸಿಕಟ್ಟೆಯ ತನಕ. ಸುಣ್ಣದ ಉಗಿಗೆ ಎದೆ ಬಿಗಿಯಿತು. ಕಟ್ಟೆ ಮುಟ್ಟದೆ ಬಿಡಬಾರದೆಂದು ಕೊನೆಯ ಚೂರು ಉಸಿರನ್ನೂ ಹಿಂಡಿ, ಮುಟ್ಟಿ, ಕೆಮ್ಮುತ್ತ ಕೂತೆ.

ಮೇಲೆ ಕುಂಚ ನಿಂತಿತ್ತು.

"ಏನಂದ್ರಿ ಕಾಕಾ?"

"ಏನನ್ಬೇಕೋ. ಕಬಡ್ಡಿ ಅಂದೆ."

"ಮೊದಲ ಅಂದ್ರಿ. ಕಡೀಕ ಹುತುತು ಅಂದ್ರಿ."

"ಮೌಲಾಲಿ, ಹುಚ್ಚರಂಗ ಮಾತಾಡಬ್ಯಾಡ. ಆ ಶಬ್ದ ಬಿಟ್ಟು ಒಂದು ಜನ್ಮ ಆತು. ಕಬಡ್ಡೀನೇ ಅಂದೀನಿ ನಾ."

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಬಂತು.

"ಇಲ್ರಿ, ಅಂದ್ರಿ. ದಿನಾ ಕಡೀಕ ಹಂಗೇ ಅಂತೀರಿ. ಡಾಕ್ಟರು ಹೇಳಿಕೊಟ್ಟಿದ್ದು ಇರಬೇಕಂತ ನಾ ಸುಮ್ಮ ಇದ್ದೆ."

ಎರಡು ಕಡೆಯ ಅಂಪೈರರೂ ಒಂದೇ ಮಾತು ಹೇಳಿದ ಮೇಲೆ ನಿಯಮದ ಪ್ರಕಾರ ಮುಂದೆ ವಾದವಿಲ್ಲ. ನನ್ನ ಕಿವಿಯನ್ನು ನಾನು ಇನ್ನೊಮ್ಮೆ ಕೇಳಿ ನೋಡಿದೆ. ಅದು ಈಗಲೂ ಕಬಡ್ಡಿ ಎಂದೇ ಹೇಳುತ್ತಿತ್ತು. ಬೇಕಾದರೆ ಆಣೆ ಇಟ್ಟು ಹೇಳುತ್ತಿತ್ತು.

"ಪಾಯಿಂಟ್ ಎದರಿನವರಿಗಿ," ಎಂದು ಮೌಲಾಲಿ ಗೋಡೆಯ ಕಡೆ ತಿರುಗಿಕೊಂಡ.

ಬಚ್ಚಲಿನಲ್ಲಿ ನೀರು ಕಾದಿತ್ತು, ಸ್ನಾನದ ಹೊತ್ತಾಗಿತ್ತು. ನಾನು ಒಳಗೆ ಹೋಗಿ ಅಂಗಿ ತೊಟ್ಟು ಬಂದು ಚಪ್ಪಲಿ ಮೆಟ್ಟಿದೆ.

"ಎಲ್ಲಿಗ್ರಿ?" ಎಂದಳು ಹೆಂಡತಿ.

"ಶಹಾಬಾದಿಗಿ. ಈಗೊಂದು ಪ್ಯಾಸೆಂಜರ್ ಅದ."

"ಜಳಕ?"

"ಬಂದು ಮಾಡ್ತೀನಿ."

ಮದುವೆಯಾದಂದಿನಿಂದ ಆಕೆ ನನ್ನ ಬಾಯಿಂದ ಆ ಮಾತು ಕೇಳಿರಲಿಲ್ಲ. ಸೌಟು ಹಿಡಿದೇ ಬಾಗಿಲಿಗೆ ಬಂದಳು. ಗೇಟಿನ ಚಿಲಕ ತೆಗೆಯುವಾಗ ಏಣಿಯ ಮೇಲಿಂದ ಮೌಲಾಲಿ, ತಿರುಗಿ ನೋಡದೆಯೇ, ಹೇಳಿದ.

"ಭೀಮಶಾಗ ನಂದೂ ಒಂದು ಸಲಾಂ ಹೇಳ್ರಿ ಕಾಕಾ."

ನಾನು ಯಾರ ಹೆಸರನ್ನೂ ಹೇಳಿರಲಿಲ್ಲ.